ಮೂರೂ ಪ್ರತಿ ಒಂದೇ ಹೇಳಿದಾಗ

ಇಯರ್‌ಫೋನ್ ಇದ್ದದ್ದು ಒಂದೇ. ಅದರ ಒಂದು ತುದಿ ರೇಡಿಯೋದವಳ ಕಿವಿಯಲ್ಲಿತ್ತು, ಇನ್ನೊಂದು ಉದ್ದಣ್ಣನ ಕಿವಿಯಲ್ಲಿ. ವೈರು ಗಿಡ್ಡ, ಹಾಗಾಗಿ ಇಬ್ಬರೂ ತಲೆ ಹತ್ತಿರ ತರಲೇಬೇಕಿತ್ತು, ತಂದಿದ್ದರು. ಅದೂ ಎಲ್ಲಿ? ಆಫೀಸಿನ ಮೆಟ್ಟಿಲ ಮೇಲೆ, ಬೆಳ್ಳಂಬೆಳಗ್ಗೆ, ಹೋಗಿ ಬರುವವರ ಕಾಲಿಗೆ ಅಡ್ಡವಾಗಿ.

ಎರಡು ಕಪ್ ಟೀ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಡೌಟಮ್ಮ ಅಲ್ಲೇ ನಿಂತಳು. ಎರಡನೆಯ ಕಪ್ ಯಾರಿಗೆ ಎಂದು ಅವಳನ್ನು ಕೇಳಿದ್ದರೆ, "ನನಗೇ, ಎರಡು ಕಪ್ ಕುಡಿಯೋದು ನನ್ನ ಅಭ್ಯಾಸ" ಎಂದುಬಿಡುತ್ತಿದ್ದಳು. ನಂಬುವವರು ನಂಬಬಹುದು.

"ಗುಡ್ ಮಾರ್ನಿಂಗ್ ಮೇಡಂ," ಎಂದ ಉದ್ದಣ್ಣ, ಕಣ್ಣು ಅರ್ಧ ಮುಚ್ಚಿಕೊಂಡೇ. "ಒಂದ್ನಿಮಿಷ ತಡೀರಿ, ಈಗ ಬರುತ್ತೆ... ಹಾಂ, ಬಂತು!"

ಬಂತು ಎಂದವನು ರೇಡಿಯೋದವಳ ಕಡೆ ನೋಡಿ ನಕ್ಕ. ಅವಳೂ ನಕ್ಕಳು. ಏನು ಬಂತೋ ಡೌಟಮ್ಮನಿಗೆ ತಿಳಿಯಲಿಲ್ಲ. ಅವಳಿಗೆ ಬಂದದ್ದು ಹೊಟ್ಟೆಕಿಚ್ಚು ಮಾತ್ರ.

"ದಾರಿ ಬಿಡಿ. ಕೆಲಸ ಇರೋರು ಹತ್ತಬೇಕು," ಎಂದು ಇಬ್ಬರ ನಡುವೆಯೇ ದಾಟಿಕೊಂಡು ಹೋದಳು. ಸೀಟಿಗೆ ಹೋಗಿ ಎರಡೂ ಕಪ್ ತಾನೇ ಕುಡಿದಳು. ನಾಲಿಗೆ ಸುಟ್ಟಿತು.

ಡೌಟಮ್ಮ ಎಂಬ ಹೆಸರು ಅವಳಿಗೆ ಬಂದದ್ದು ಕೆಲಸದಿಂದ. ಆ ಕಂಪನಿ ಬೇರೆಯವರ ಡೇಟಾ ಕಾಪಾಡಿಕೊಡುವ ಕಂಪನಿ. ಮನೆಮಂದಿಯ ಫೋಟೋ, ಆಸ್ಪತ್ರೆಯ ಎಕ್ಸ್‌ರೇ, ಹಳೆಯ ಹಾಡು, ಏನೇ ಬರಲಿ, ಅದಕ್ಕೆ ಮೂರು ಪ್ರತಿ ಮಾಡಿ ಮೂರು ಬೇರೆ ಬೇರೆ ಊರುಗಳ ಮೆಷಿನ್‌ಗಳಲ್ಲಿ ಇಡುತ್ತಾರೆ. ಡಿಸ್ಕ್ ಸತ್ತರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸತ್ತದ್ದು ಎಲ್ಲರಿಗೂ ಗೊತ್ತಾಗುತ್ತದೆ. ಸಾಯದೆ, ಚೆನ್ನಾಗಿದ್ದೇನೆ ಎಂದು ಹೇಳಿಕೊಳ್ಳುತ್ತಲೇ ಒಳಗೊಳಗೆ ಒಂದೆರಡು ಅಂಕಿ ಕೆಡಿಸಿಕೊಂಡು ಕೂತಿರುವ ಡಿಸ್ಕ್‌ಗಳದೇ ಕಾಟ. ಅಂಥವನ್ನು ಹಿಡಿಯುವುದು ಇವಳ ಕೆಲಸ.

ಪ್ರತಿಯೊಂದು ಫೈಲಿನ ಜೊತೆಗೂ ಒಂದು ಚಿಕ್ಕ ಗುರುತು ಇರುತ್ತದೆ. ಅದನ್ನು ಚೆಕ್‌ಸಮ್ ಎನ್ನುತ್ತಾರೆ. ಫೈಲಿನ ಅಂಕಿಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿ ತೆಗೆದದ್ದು. ಒಂದೇ ಒಂದು ಅಂಕಿ ಆಚೀಚೆಯಾದರೂ ಗುರುತು ತಾಳೆಯಾಗುವುದಿಲ್ಲ. ಇವಳು ಬರೆದ ಪ್ರೋಗ್ರಾಂ ದಿನವಿಡೀ ಫೈಲುಗಳನ್ನು ಒಂದೊಂದಾಗಿ ತೆರೆದು ಓದಿ ತಾಳೆ ನೋಡುತ್ತದೆ. ಒಂದು ಊರಿನ ಪ್ರತಿ ತಪ್ಪು ಹೇಳಿದರೆ ಇನ್ನೆರಡು ಊರಿನದನ್ನು ನೋಡಿ ತಿದ್ದುತ್ತದೆ. ಮೂರೂ ಊರು ಒಂದೇ ಮಾತು ಹೇಳಿದರೆ ಅದೇ ಸತ್ಯ, ಮುಂದೆ ಮಾತಿಲ್ಲ. ಇದೊಂದರ ಮೇಲೆ ಮಾತ್ರ ಡೌಟಮ್ಮನಿಗೆ ಯಾವ ಡೌಟೂ ಇರಲಿಲ್ಲ.

ಉದ್ದಣ್ಣ ಡಿಸ್ಕ್ ಬದಲಾಯಿಸುವವನು. ಮೆಷಿನ್‌ಗಳನ್ನಿಟ್ಟ ಹಾಲ್‌ನ ಬಾಗಿಲಲ್ಲಿ ತಲೆ ತಗ್ಗಿಸಿಯೇ ಹೋಗುವಷ್ಟು ಎತ್ತರ. ಇಡೀ ಆಫೀಸಿಗೆ ಅವನು ಉದ್ದಣ್ಣ, ಡೌಟಮ್ಮನೊಬ್ಬಳನ್ನು ಬಿಟ್ಟು. ಉದ್ದದ ಬಗ್ಗೆ ಅವಳ ತಕರಾರಿರಲಿಲ್ಲ, ಅದರ ಬಾಲಕ್ಕೆ ಅಂಟಿಕೊಂಡ ಅಣ್ಣನ ಬಗ್ಗೆ ಇತ್ತು. 'ರೀ', 'ಇಲ್ಲಿ ನೋಡಿ', 'ನಿಮಗೇ ಹೇಳ್ತಿರೋದು' ಎಂದೇ ಇಷ್ಟು ದಿನ ಸುಧಾರಿಸಿಕೊಂಡು ಬಂದಿದ್ದಳು.

ಅವನೂ ಕಡಿಮೆಯವನಲ್ಲ. ಸತ್ತ ಡಿಸ್ಕ್ ತೆಗೆದಾಗಲೆಲ್ಲ ಅದನ್ನು ತಂದು ಇವಳ ಮೇಜಿನ ಮೇಲಿಡುತ್ತಿದ್ದ.

"ಇವನೂ ಹೋದ ಮೇಡಂ. ನೀವು ಅನುಮಾನ ಪಟ್ಟಿದ್ದೇ ತಡ, ಮಾನ ಹೋಯ್ತು ಅಂತ ಪ್ರಾಣ ಬಿಟ್ಟ."

"ನನ್ನ ಮೇಲೆ ಯಾಕೆ ಹಾಕ್ತೀರಿ? ನೀವು ಸರಿಯಾಗಿ ನೋಡ್ಕೊಂಡಿದ್ರೆ ಬದುಕಿರ್ತಿದ್ದ."

ಸತ್ತ ಡಿಸ್ಕ್ ತಂದು ತೋರಿಸಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗುಜರಿ ಡಬ್ಬಿ ಅವನ ಮೆಷಿನ್ ಹಾಲ್‌ನಲ್ಲೇ ಇತ್ತು. ಹೀಗೆ ಡಿಸ್ಕ್‌ಗಳ ಸಾವಿನ ನೆಪದಲ್ಲಿ ಇಬ್ಬರ ಪ್ರೀತಿ ಸೊಂಪಾಗಿ ಬೆಳೆಯುತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳುವವರು ಯಾರೂ ಇರಲಿಲ್ಲ. ಅವನೇ ಹೇಳಲಿ ಎಂದು ಇವಳು, ಇವಳ ಮುಖದಲ್ಲಿ ಒಂದು ಸಣ್ಣ ನಗು ಕಾಣಲಿ ಎಂದು ಅವನು.

ಅಷ್ಟರಲ್ಲಿ ಬಂದವಳು ಈ ರೇಡಿಯೋದವಳು.

ರೇಡಿಯೋ ಕೇಂದ್ರದಲ್ಲಿ ಹಳೆಯ ಧ್ವನಿಗಳ ಸಂಗ್ರಹ ನೋಡಿಕೊಳ್ಳುವುದು ಅವಳ ಕೆಲಸ. ಅವರು ಇಡಲು ಕೊಟ್ಟ ಹಾಡುಗಳಲ್ಲಿ ಒಂದು, ಯಾರೋ ಅಜ್ಜಿ ಹಾಡಿದ ಲಾಲಿ, ವಾಪಸ್ ತೆಗೆದಾಗ ನಡುವೆ 'ಟಕ್' ಎನ್ನುತ್ತಿತ್ತಂತೆ. ದೂರು ಹೊತ್ತು ಬಂದಿದ್ದಳು. ಮಾತು ಮೆತ್ತಗೆ, ದನಿ ಇಂಪು. ಆ ದನಿಯಲ್ಲಿ ದೂರು ಹೇಳಿದರೂ ಕೇಳುತ್ತಾ ಕೂರೋಣ ಅನ್ನಿಸುತ್ತಿತ್ತು. ಡೌಟಮ್ಮನಿಗೆ ಸಿಟ್ಟು ತರಿಸಿದ್ದು ಮುಖ್ಯವಾಗಿ ಅದೇ.

ಆ ದಿನ ಮಧ್ಯಾಹ್ನ ಕ್ಯಾಂಟೀನಿಗೆ ಹೋದಾಗಲೂ ಅವಳ ನಾಲಿಗೆ ಉರಿಯುತ್ತಲೇ ಇತ್ತು. ಕ್ಯಾಂಟೀನ್ ನಡೆಸುವ ಅಕ್ಕ ತಟ್ಟೆ ಮುಂದಿಟ್ಟು ಮೆಲ್ಲಗೆ ಬಗ್ಗಿದರು.

"ಬೆಳಗ್ಗೆ ಉದ್ದಣ್ಣನ ಪಕ್ಕ ಕೂತಿದ್ದಳಲ್ಲ, ಯಾರೇ ಆ ಹುಡುಗಿ? ಲಕ್ಷಣವಾಗಿದ್ದಾಳೆ."

"ಯಾರಾದ್ರೆ ನಿಮಗೇನಕ್ಕ? ಮದುವೆ ಊಟ ಯಾವಾಗ ಅಂತ ಅವರನ್ನೇ ಕೇಳಿ. ಎಲ್ಲಾ ಗಟ್ಟಿಯಾಗಿರೋ ಹಾಗೇ ಕಾಣುತ್ತೆ!"

"ಹೌದಾ!" ಎಂದರು ಅಕ್ಕ, ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಡೌಟಮ್ಮ ನೀರಿನ ಲೋಟ ಕುಕ್ಕಿ ಎದ್ದು ಹೋದಳು. ಸಿಟ್ಟಿನಲ್ಲಿ ಆಡಿದ ಮಾತು. ಆಡಿ ಮುಗಿಸಿದ ಮೇಲೆ ಅವಳಿಗೆ ಅದು ನೆನಪೂ ಉಳಿಯಲಿಲ್ಲ.

ದೂರಿನ ಫೈಲನ್ನು ಅವಳು ಅಂದೇ ತೆಗೆದು ನೋಡಿದಳು. ಮೂರು ಊರಿನ ಮೂರೂ ಪ್ರತಿಗಳು ಒಂದಕ್ಕೊಂದು ಸರಿಸಮ. ಮೂರೂ ಚೆಕ್‌ಸಮ್‌ಗೆ ತಾಳೆ. ಅವಳಿಗೆ ಒಳಗೊಳಗೇ ಖುಷಿಯಾಯಿತು.

"ನಮ್ಮಲ್ಲಿ ಯಾವ ತಪ್ಪೂ ಇಲ್ಲ," ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ತಪ್ಪು ಅವರ ಕಿವಿಯಲ್ಲಿದ್ದರೆ ನಾನೇನು ಮಾಡಲಿ?"

ಉದ್ದಣ್ಣ ಮೇಜಿನ ಬಳಿ ಬಂದು ನಿಂತ. ಈ ಸಲ ಕೈಯಲ್ಲಿ ಡಿಸ್ಕ್ ಇರಲಿಲ್ಲ. "ಮೇಡಂ, ಒಂದು ಮಾತು. ಆ ಟಕ್ ನಾನೂ ಕೇಳಿದೆ. ನನಗೇನನ್ನಿಸುತ್ತೆ ಅಂದ್ರೆ, ಫೈಲುಗಳು ಒಳಗೆ ಬರೋ ಬಾಗಿಲು ಮೆಷಿನ್ ಇದೆಯಲ್ಲ, ಅದರ ಮೆಮೊರಿ..."

"ನೀವು ಹಾಡು ಕೇಳ್ತಾ ಇರಿ. ಮೆಷಿನ್ ನಾನು ನೋಡ್ಕೋತೀನಿ."

"ಅಲ್ಲ, ನಾನು ಹೇಳ್ತಿರೋದು..."

"ಎಡಗಿವಿಯಲ್ಲಿ ಕೇಳಿದ್ರಾ, ಬಲಗಿವಿಯಲ್ಲಾ?"

ಅವನು ಅವಳ ಮುಖವನ್ನೇ ನೋಡಿದ. ಅಷ್ಟೆತ್ತರದ ಮನುಷ್ಯ ಮೇಜಿನ ಮುಂದೆ ಚಿಕ್ಕವನಾಗಿ ಕಂಡ. ತಿರುಗಿ ಹೊರಟು ಹೋದ. ಬಾಗಿಲಲ್ಲಿ ತಲೆ ತಗ್ಗಿಸಲು ಮರೆತು ಧಡ್ ಎಂದು ಬಡಿದುಕೊಂಡ. ಅವಳಿಗೆ ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು.

ಸುದ್ದಿ ಮೊದಲು ಬಂದದ್ದು ಮರುದಿನ ಬೆಳಗ್ಗೆ, ಗೇಟಿನಲ್ಲಿ. ವಾಚ್‌ಮನ್ ಅವಳ ಸ್ಕೂಟರಿಗೆ ಜಾಗ ತೋರಿಸುತ್ತಾ, "ಗೊತ್ತಾಯ್ತಾ ಮೇಡಂ? ಉದ್ದಣ್ಣನ ಮದುವೆಯಂತೆ, ಆ ರೇಡಿಯೋ ಮೇಡಂ ಜೊತೆ," ಎಂದ. ವಾಚ್‌ಮನ್ ಮಾತಿಗೆ ತಲೆಯೂ ಇಲ್ಲ ಬುಡವೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಪ್ರತಿ ತಪ್ಪಿರಬಹುದು.

ಎರಡನೆಯದು ಮ್ಯಾನೇಜರ್ ಬಾಯಿಂದ. ಅವರು ಹರಟೆಯವರಲ್ಲ, ನಗುವುದಕ್ಕೂ ಮೀಟಿಂಗ್ ಕರೆಯುವ ಮನುಷ್ಯ. "ನಮ್ಮ ಉದ್ದಣ್ಣ ಸೆಟ್ಲ್ ಆಗ್ತಿದ್ದಾನಂತಲ್ಲಮ್ಮ, ಒಳ್ಳೇದು," ಎಂದರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮೂರನೆಯದು ಮನೆಯಲ್ಲೇ ಕಾದಿತ್ತು. ಅವಳು ಇರುವುದು ಅಣ್ಣ ಅತ್ತಿಗೆಯ ಜೊತೆ. ತರಕಾರಿ ಚೀಲ ಕೆಳಗಿಟ್ಟು ಅತ್ತಿಗೆ ಮುಖ ನೋಡಿಯೂ ನೋಡದ ಹಾಗೆ ಹೇಳಿದರು: "ನಿಮ್ಮ ಆಫೀಸಿನ ಉದ್ದದ ಹುಡುಗ, ನೀನು ದಿನಾ ಹೇಳ್ತಿದ್ದೆಯಲ್ಲ, ಅವನಿಗೆ ಮದುವೆ ಗೊತ್ತಾಯ್ತಂತೆ ಕಣೆ."

"ನಾನೆಲ್ಲಿ ದಿನಾ ಹೇಳ್ತಿದ್ದೆ?"

"ಊಟಕ್ಕೆ ಕೂತಾಗ ಒಂದು ಸಲ, ಎದ್ದಾಗ ಒಂದು ಸಲ. ಅಷ್ಟೇ."

ಡೌಟಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೇಟು, ಆಫೀಸು, ಮನೆ. ಮೂರು ಬೇರೆ ಬೇರೆ ಜಾಗ, ಒಂದೇ ಮಾತು. ಅವಳ ಲೆಕ್ಕದಲ್ಲಿ ಇನ್ನು ಪರೀಕ್ಷೆ ಮಾಡುವುದೇನೂ ಉಳಿದಿರಲಿಲ್ಲ. ದಿಂಬಿಗೆ ಮುಖ ಒತ್ತಿ ಅತ್ತಳು. ಅಳುವ ನಡುವೆಯೂ ರೇಡಿಯೋದವಳು ಅವನನ್ನು ಏನೆಂದು ಕರೆಯಬಹುದು ಎಂದು ಯೋಚನೆ ಬಂತು. ಆ ಇಂಪಾದ ದನಿಯಲ್ಲಿ ಏನು ಕರೆದರೂ ಚೆನ್ನಾಗಿಯೇ ಇರುತ್ತದೆ ಎನಿಸಿ ಇನ್ನಷ್ಟು ಅತ್ತಳು.

ಕಂಪನಿ ದೂರದ ಊರಿನಲ್ಲಿ ಹೊಸ ಮೆಷಿನ್ ಹಾಲ್ ತೆರೆದಿತ್ತು. ರೈಲಿನಲ್ಲಿ ಹೊರಟರೆ ಒಂದು ಹಗಲು ಪೂರ್ತಿ ಬೇಕು. ನೀನು ಹೋಗ್ತೀಯಾ ಎಂದು ಮ್ಯಾನೇಜರ್ ತಿಂಗಳಿಂದ ಕೇಳುತ್ತಿದ್ದರು, ಅವಳು ಅತ್ತಿಗೆಗೆ ಸೊಂಟನೋವು ಎಂದು ನೆಪ ಹೇಳುತ್ತಿದ್ದಳು. ಮರುದಿನ ಬೆಳಗ್ಗೆ ನೇರ ಅವರ ಕೋಣೆಗೆ ಹೋಗಿ, "ನಾನು ಹೋಗ್ತೀನಿ ಸರ್," ಎಂದಳು.

"ಅತ್ತಿಗೆ ಸೊಂಟ?"

"ವಾಸಿಯಾಯ್ತು."

ಇವಳ ಮನಸ್ಸು ಬದಲಾದೀತೆಂದು ಮ್ಯಾನೇಜರ್ ಅಲ್ಲೇ ಕೂತು ಮೇಲಿನವರಿಗೆ ಮೇಲ್ ಕಳಿಸಿಬಿಟ್ಟರು. ಒಂದು ಗಂಟೆಯಲ್ಲಿ ಒಪ್ಪಿಗೆಯೂ ಬಂತು.

ರೇಡಿಯೋದವಳು ಮತ್ತೆ ಬಂದದ್ದು ಆ ದಿನವೇ. ಈ ಸಲ ಮೆಟ್ಟಿಲಲ್ಲಿ ಕೂರಲಿಲ್ಲ, ನೆಟ್ಟಗೆ ಡೌಟಮ್ಮನ ಎದುರಿನ ಕುರ್ಚಿಯಲ್ಲಿ ಕೂತಳು. ಅವಳ ಕಣ್ಣೂ ಸ್ವಲ್ಪ ಕೆಂಪಗಿದ್ದ ಹಾಗೆ ಕಂಡಿತು. ಮದುವೆ ಓಡಾಟದ ನಿದ್ದೆಗೇಡು ಇರಬೇಕು ಎಂದುಕೊಂಡಳು ಡೌಟಮ್ಮ.

"ನಾನು ಹೇಳಿದೆನಲ್ಲ, ಮೂರೂ ಪ್ರತಿ ಸರಿ ಇವೆ," ಎಂದಳು ಮುಖ ಗಂಟಿಕ್ಕಿಕೊಂಡು.

"ಒಂದಕ್ಕೊಂದು ಸರಿ ಇವೆ," ಎಂದಳು ಅವಳು. "ನಾನು ಕೊಟ್ಟಿದ್ದಕ್ಕೆ ಸರಿ ಇವೆಯಾ? ಅದನ್ನ ನೋಡಿದ್ರಾ?"

ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟಳು. ರೇಡಿಯೋ ಕೇಂದ್ರದಲ್ಲಿ ಉಳಿದಿದ್ದ ಮೂಲ ಹಾಡು, ಈ ಕಂಪನಿಗೆ ಕಳಿಸುವ ಮೊದಲಿನದು.

ಡೌಟಮ್ಮ ಪೆನ್‌ಡ್ರೈವ್ ಸಿಕ್ಕಿಸಿದಳು. ಮೂಲವನ್ನು ತೆರೆದು ತಮ್ಮ ಪ್ರತಿಯ ಪಕ್ಕ ಇಟ್ಟು ಹೋಲಿಸಿದಳು. ಲಾಲಿಯ ನಡುವೆ, ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಒಂದೇ ಒಂದು ಅಂಕಿ ಬೇರೆ ಇತ್ತು. ಮೂರೂ ಊರುಗಳಲ್ಲಿ ಅದೇ ಅಂಕಿ, ಅದೇ ತಪ್ಪು.

ಅವಳ ಬೆನ್ನು ನೆಟ್ಟಗಾಯಿತು. ಹೊಟ್ಟೆಕಿಚ್ಚು, ಮದುವೆ, ಕೆಂಪು ಕಣ್ಣು ಎಲ್ಲ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದವು. ಮೂರು ಊರಿನ ಮೂರು ಡಿಸ್ಕ್ ಒಂದೇ ಕಡೆ ಕೆಡುವುದು ಸಾಧ್ಯವೇ ಇಲ್ಲ. ಹಾಗಾದರೆ ಮೂರಾಗುವ ಮೊದಲೇ ಕೆಟ್ಟಿರಬೇಕು. ಫೈಲು ಒಳಗೆ ಬರುವಾಗ ಬಾಗಿಲು ಮೆಷಿನ್ನಿನಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಅಲ್ಲೇ ಅದಕ್ಕೆ ಚೆಕ್‌ಸಮ್ ಹಾಕುತ್ತಾರೆ, ಅಲ್ಲಿಂದಲೇ ಮೂರು ಊರಿಗೆ ಕಳಿಸುತ್ತಾರೆ. ಅದರ ಮೆಮೊರಿ ಕೆಟ್ಟಿದ್ದರೆ? ಫೈಲು ಮೊದಲು ಕೆಡುತ್ತದೆ, ಆಮೇಲೆ ಆ ಕೆಟ್ಟ ಫೈಲಿಗೇ ಸರಿ ಎಂಬ ಗುರುತು ಬೀಳುತ್ತದೆ. ಆಮೇಲೆ ಮೂರು ಊರಲ್ಲ, ನೂರು ಊರು ನೋಡಿದರೂ ಎಲ್ಲವೂ ತಾಳೆಯಾಗುತ್ತದೆ.

"ಬಾಗಿಲು ಮೆಷಿನ್ನು," ಎಂದಳು ಗಟ್ಟಿಯಾಗಿ.

"ಅವರು ಅದನ್ನೇ ಹೇಳ್ತಿದ್ರು," ಎಂದಳು ರೇಡಿಯೋದವಳು. "ನಮ್ಮ ಹಾಡುಗಳನ್ನೆಲ್ಲ ಕೂತು ಕೇಳಿ, ಯಾವ್ಯಾವುದರಲ್ಲಿ ಟಕ್ ಇದೆ, ಅವೆಲ್ಲ ಯಾವ ದಾರಿಯಲ್ಲಿ ಬಂದವು ಅಂತ ಹುಡುಕಿದ್ರು. ನನ್ನ ಜೊತೆ ಕೂತದ್ದು ಅದಕ್ಕೇ." ಬ್ಯಾಗ್ ಹೆಗಲಿಗೇರಿಸಿ ಎದ್ದಳು. "ಅದಕ್ಕೆ ಮಾತ್ರ."

ಆ ಕೊನೆಯ ಮಾತಿನಲ್ಲಿ ಸಣ್ಣ ನೋವಿತ್ತು. ಡೌಟಮ್ಮನಿಗೆ ಅದು ಕೇಳಿಸಿತು. ಹೆಂಗಸಿನ ದನಿಯಲ್ಲಿ ಟಕ್ ಅಂದದ್ದು ಹೆಂಗಸಿಗೆ ಕೇಳಿಸದೆ ಇರುತ್ತದೆಯೇ?

ಅವಳು ಹೋದ ಮೇಲೂ ಡೌಟಮ್ಮ ಪರದೆಯ ಮೇಲಿನ ಮೂರು ಪ್ರತಿಗಳನ್ನೇ ನೋಡುತ್ತಾ ಕೂತಳು. ಮೂರು ಸಾಕ್ಷಿಗಳಲ್ಲ ಇವು, ಒಂದೇ ತಪ್ಪಿನ ಮೂರು ಮಕ್ಕಳು. ಹಾಗೆ ಅಂದುಕೊಂಡದ್ದೇ ತಡ, ಗೇಟು, ಆಫೀಸು, ಮನೆ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.

"ನಿಮಗೆ ಯಾರು ಹೇಳಿದ್ದು?" ಎಂದು ಗೇಟಿನಲ್ಲಿ ಕೇಳಿದಳು.

"ಕ್ಯಾಂಟೀನ್ ಅಕ್ಕ ಮೇಡಂ."

ಮ್ಯಾನೇಜರ್ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಳು. "ಸರ್, ಉದ್ದ... ಅವರ ಮದುವೆ ವಿಷಯ ನಿಮಗೆ ಹೇಳಿದ್ದು ಯಾರು?"

"ಕ್ಯಾಂಟೀನಿನಲ್ಲಿ ಅಂತಿದ್ರು. ಯಾಕಮ್ಮ, ಗಿಫ್ಟ್‌ಗೆ ದುಡ್ಡು ಸೇರಿಸ್ತಿದ್ದೀಯಾ?"

ಅತ್ತಿಗೆಗೆ ಫೋನ್ ಮಾಡಿದಳು. "ತರಕಾರಿ ಅಂಗಡಿಯಲ್ಲಿ ನಿಮ್ಮ ಕ್ಯಾಂಟೀನ್ ಅಕ್ಕ ಸಿಕ್ಕಿದ್ರು ಕಣೆ. ಅವರೇ ಹೇಳಿದ್ದು. ಯಾಕೆ ಏದುಸಿರು ಬಿಡ್ತಿದ್ದೀಯಾ?"

ಕ್ಯಾಂಟೀನಿಗೆ ಹೋಗಿ ಅಕ್ಕನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಕ್ಕ, ನಿಜ ಹೇಳಿ. ಈ ಮದುವೆ ಸುದ್ದಿ ನಿಮಗೆ ಕೊಟ್ಟವರು ಯಾರು?"

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ, ಹುಚ್ಚೀ! ನೀನೇ ತಾನೆ ಹೇಳಿದ್ದು? ಇಲ್ಲೇ, ಇದೇ ಮೇಜಲ್ಲಿ, ಲೋಟ ಕುಕ್ಕಿ. ಎಲ್ಲಾ ಗಟ್ಟಿಯಾಗಿದೆ ಅಂತ."

ಡೌಟಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಾನೇನು ಸುಮ್ಮನೆ ನಂಬಲಿಲ್ಲಪ್ಪ," ಎಂದರು ಅಕ್ಕ. "ಅವನನ್ನೂ ಕೇಳಿದೆ, ಮದುವೆ ಊಟ ಯಾವಾಗಪ್ಪಾ ಅಂತ. ಹುಡುಗಿ ಇನ್ನೂ ಹೂಂ ಅಂದಿಲ್ಲ ಅಕ್ಕಾ ಅಂದ. ಕಿವಿಯೆಲ್ಲಾ ಕೆಂಪಗೆ ಮಾಡ್ಕೊಂಡು. ಇನ್ನೇನು ಬೇಕು?"

ಯಾವ ಹುಡುಗಿ ಎಂದು ಡೌಟಮ್ಮ ಅಕ್ಕನನ್ನು ಕೇಳಲಿಲ್ಲ. ಕೇಳಬೇಕಾದ ಜಾಗ ಇದಲ್ಲ ಎಂದು ಅವಳಿಗೆ ಈಗ ಗೊತ್ತಿತ್ತು.

ಮೆಷಿನ್ ಹಾಲಿನಲ್ಲಿ ಫ್ಯಾನುಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಉದ್ದಣ್ಣ ಒಂದು ಮೆಷಿನ್ನಿಗೆ ಕಿವಿಯಿಟ್ಟು ನಿಂತಿದ್ದ. ಹಣೆಯ ಮೇಲೆ, ಬಾಗಿಲು ಬಡಿದ ಜಾಗದಲ್ಲಿ, ಬುಗುಟು ಎದ್ದಿತ್ತು. ಅವಳು ಅವನ ತೋಳು ಹಿಡಿದು ದರದರ ಎಳೆದುಕೊಂಡು ಹೊರಗಿನ ಕಾರಿಡಾರಿಗೆ ಬಂದಳು. ಹಿಂದೆ ಬಾಗಿಲು ಮುಚ್ಚಿತು. ಒಮ್ಮೆಗೇ ಎಲ್ಲ ನಿಶ್ಶಬ್ದ.

"ಬಾಗಿಲು ಮೆಷಿನ್ ಬಗ್ಗೆ ನೀವು ಹೇಳಿದ್ದು ಸರಿ," ಎಂದಳು.

"ಅದನ್ನ ಹೇಳೋಕೆ ತೋಳು ಕಿತ್ತು ತರಬೇಕಿತ್ತಾ ಮೇಡಂ?"

"ನನಗೆ ಮೊದಲೇ ಯಾಕೆ ಹೇಳಲಿಲ್ಲ? ಅವಳ ಜೊತೆ ಕೂತು ಹುಡುಕೋ ಬದಲು?"

"ತಪ್ಪು ನಿಮ್ಮ ಪ್ರೋಗ್ರಾಂನದ್ದು ಅಂತ ಮ್ಯಾನೇಜರ್ ನಿಮ್ಮ ಮೇಲೆ ಹಾರಾಡ್ತಾರೆ ಅನ್ನಿಸ್ತು. ಪೂರ್ತಿ ಗೊತ್ತಾದ ಮೇಲೆ ನಿಮ್ಮ ಕೈಗೇ ಕೊಡೋಣ ಅಂತಿದ್ದೆ. ಕೊಡೋಕೆ ಬಂದ್ರೆ ನೀವು ಯಾವ ಕಿವಿ ಅಂತ ಕೇಳಿದ್ರಿ."

ಅವಳು ನಾಲಿಗೆ ಕಚ್ಚಿಕೊಂಡಳು. ಆದರೂ ಕೇಳದೆ ಬಿಡುವವಳಲ್ಲ. "ಅವಳಿಗೆ ನೀವಂದ್ರೆ ಇಷ್ಟ. ಇಲ್ಲ ಅನ್ನಬೇಡಿ. ಅದನ್ನ ನಾನು ಸರಿಯಾಗೇ ಕಂಡುಹಿಡಿದಿದ್ದೀನಿ."

"ಇಷ್ಟ ಅಂತ ಹೇಳಿದ್ರು, ನಿನ್ನೆ," ಎಂದ ಅವನು, ಸುಳ್ಳಾಡದೆ.

"ನೀವೇನಂದ್ರಿ?"

"ಲೋಕದಲ್ಲಿರೋ ಫೈಲುಗಳನ್ನೆಲ್ಲ ತೆಗೆದು ತೆಗೆದು ನೋಡೋಳು ಒಬ್ಬಳಿದ್ದಾಳೆ, ನನ್ನ ಕಡೆ ಯಾವಾಗ ನೋಡ್ತಾಳೋ ಅಂತ ಕಾಯ್ತಿದ್ದೀನಿ ಅಂದೆ."

ಡೌಟಮ್ಮ ಅವನ ಕಡೆ ನೋಡಿದಳು. ಕತ್ತು ಎತ್ತಿ, ಸರಿಯಾಗಿ, ಮುಚ್ಚುಮರೆಯಿಲ್ಲದೆ. ಅವನ ಕಿವಿಗಳು ಅಕ್ಕ ಹೇಳಿದ್ದಕ್ಕಿಂತಲೂ ಕೆಂಪಾಗಿದ್ದವು.

"ಅಕ್ಕ ಮದುವೆ ಊಟದ ಬಗ್ಗೆ ಕೇಳಿದಾಗ, ಹುಡುಗಿ ಹೂಂ ಅಂದಿಲ್ಲ ಅಂದ್ರಂತೆ."

"ಅಂದೆ."

"ಹುಡುಗಿನ ನೀವು ಕೇಳೇ ಇಲ್ಲವಲ್ಲ!"

"ಭಯ ಆಯ್ತು. ನೀವು ಅನುಮಾನ ಪಟ್ಟವರು ಯಾರೂ ಬದುಕಿದ್ದನ್ನ ನಾನು ನೋಡಿಲ್ಲ." ನಗಲು ಹೋದವನು ನಗಲಿಲ್ಲ. "ಈಗ ಕೇಳ್ತಿದ್ದೀನಿ. ಹೂಂ ಅಂತೀರಾ?"

ಆಗ ಅವಳಿಗೆ ಬೆಳಗ್ಗೆ ಮಾಡಿದ ಕೆಲಸ ನೆನಪಾಯಿತು. ಮುಖ ಬಾಡಿತು. ಸಿಟ್ಟಿನ ಭರದಲ್ಲಿ ಹೊಸ ಊರಿಗೆ ಒಪ್ಪಿಕೊಂಡದ್ದು, ಮೇಲ್ ಹೋದದ್ದು, ಒಪ್ಪಿಗೆ ಬಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಇನ್ನು ವಾಪಸ್ ತಗೊಳ್ಳೋಕಾಗಲ್ಲ. ನನ್ನ ಹಾಳು ಹೊಟ್ಟೆಕಿಚ್ಚು, ನನ್ನ ಕೈಯಾರೆ ನಾನೇ... ಎಷ್ಟು ದೂರ ಗೊತ್ತಾ ಆ ಊರು?"

ಅವನು ಗೋಡೆ ನೋಡಿದ, ನೆಲ ನೋಡಿದ. ಅವಳು ಕಣ್ಣೊರೆಸಿಕೊಂಡಳು.

"ಅಲ್ಲಿ ಡಿಸ್ಕ್ ಇದೆ ತಾನೆ?" ಎಂದ ಕೊನೆಗೆ.

"ಸಾವಿರಗಟ್ಟಲೆ ಇದೆ. ಯಾಕೆ?"

"ಮತ್ತೆ ಅಳೋದ್ಯಾಕೆ? ಡಿಸ್ಕ್ ಸಾಯದ ಊರು ಯಾವುದಿದೆ? ನೀನು ಮುಂದೆ ಹೋಗಿ ಅನುಮಾನ ಪಡ್ತಾ ಇರು. ನಾನು ಹಿಂದೆ ಬಂದು ತೆಗೀತೀನಿ. ಈಗಲೇ ಮ್ಯಾನೇಜರ್ ಹತ್ತಿರ ಹೋಗಿ ಕೇಳ್ತೀನಿ."

'ನೀವು' ಎಲ್ಲಿ ಬಿದ್ದುಹೋಯಿತೋ ಇಬ್ಬರೂ ಹುಡುಕಲು ಹೋಗಲಿಲ್ಲ. ಅವಳು ಕೈ ಎತ್ತಿ ಅವನ ಹಣೆಯ ಬುಗುಟನ್ನು ಮುಟ್ಟಿದಳು. ಮುಟ್ಟಲು ಅವಳು ತುದಿಗಾಲಲ್ಲಿ ನಿಲ್ಲಬೇಕಾಯಿತು, ಅವನು ಬಗ್ಗಬೇಕಾಯಿತು. ಇಯರ್‌ಫೋನ್ ವೈರಿಲ್ಲದೆಯೂ ತಲೆಗಳು ಅಷ್ಟು ಹತ್ತಿರ ಬರುತ್ತವೆ ಎಂದು ಅವಳಿಗೆ ಆಗ ತಿಳಿಯಿತು.

"ಹೂಂ," ಎಂದಳು.

"ಏನು? ಕೇಳಿಸಲಿಲ್ಲ."

"ಯಾವ ಕಿವಿಯಲ್ಲಿ ಹೇಳಲಿ?"

ಕ್ಯಾಂಟೀನಿಗೆ ಇಬ್ಬರೂ ಒಟ್ಟಿಗೇ ಹೋದರು. ಅಕ್ಕ ಲೋಟ ಒರೆಸುತ್ತಿದ್ದರು. ಅವರ ಕಣ್ಣು ಮೊದಲು ಉದ್ದಣ್ಣನ ಮುಖಕ್ಕೆ, ಆಮೇಲೆ ಡೌಟಮ್ಮನ ಮುಖಕ್ಕೆ, ಆಮೇಲೆ ಕೆಳಗೆ, ಒಂದರೊಳಗೊಂದು ಸೇರಿದ್ದ ಕೈಗಳಿಗೆ ಇಳಿಯಿತು. ಲೋಟ ಒರೆಸುವುದು ನಿಂತಿತು.

"ಅಕ್ಕ, ಮದುವೆ ಊಟ ಕೇಳಿದ್ರಲ್ಲ," ಎಂದ ಉದ್ದಣ್ಣ. "ಹುಡುಗಿ ಹೂಂ ಅಂದ್ಲು."

ಅಕ್ಕನಿಗೆ ತಕ್ಷಣ ಗೇಟಿಗೆ ಓಡುವ ಆಸೆ. ಆದರೂ ಒಮ್ಮೆ ಪೆಟ್ಟು ತಿಂದವರು, ಹುಬ್ಬು ಗಂಟಿಕ್ಕಿ ಕೇಳಿದರು. "ನೋಡ್ರಪ್ಪಾ, ಈ ಸಲ ಸುದ್ದಿ ಸರಿಯಾಗಿದೆ ತಾನೆ? ಆಮೇಲೆ ಬಂದು ಸೊಂಟಕ್ಕೆ ಕೈಯಿಟ್ಟು ನಿಲ್ಲಬೇಡಿ."

"ಧೈರ್ಯವಾಗಿ ಹೇಳಿ ಅಕ್ಕ," ಎಂದಳು ಡೌಟಮ್ಮ, ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು. "ಈ ಸಲ ನಾನು ಅವನನ್ನೇ ಕೇಳಿದ್ದೀನಿ."